ಫಾಂಟುಗಳ ಹಾಜರಿ ಪುಸ್ತಕ

ಲಿನಕ್ಸ್‌ನಲ್ಲಿ ಹೊಸ ಫಾಂಟ್ ಹಾಕಬೇಕು ಅಂದ್ರೆ ನಾವೆಲ್ಲ ಮಾಡೋದು ಇಷ್ಟೇ. ಫೈಲನ್ನು ಫಾಂಟ್ಸ್ ಫೋಲ್ಡರಿಗೆ ಕಾಪಿ ಮಾಡ್ತೀವಿ, ಟರ್ಮಿನಲ್‌ನಲ್ಲಿ 'ಎಫ್‌ಸಿ-ಕ್ಯಾಶ್' ಅಂತ ಹೊಡೆದು ಎಂಟರ್ ಒತ್ತುತೀವಿ. ಅದು ಒಂದು ಮಾತೂ ಆಡದೆ ಕೆಲಸ ಮುಗಿಸುತ್ತೆ. ಏನು ಮಾಡಿದೆ ಅಂತ ನಾವೂ ಕೇಳಲ್ಲ. ಈ ಸಲ ಕ್ಲಬ್ಬಿನ ಹಳೇ ಸಂಚಿಕೆಗಳನ್ನು ಆನ್‌ಲೈನಿಗೆ ತರೋಕೆ ಕೂತಾಗ ಕೇಳಲೇಬೇಕಾಯ್ತು.

ಇದರ ಅಣ್ಣನಂಥ ಇನ್ನೊಂದು ಕಮಾಂಡ್ ಇದೆ, 'ಎಂಕೆಫಾಂಟ್‌ಸ್ಕೇಲ್'. ಎಕ್ಸ್ ವಿಂಡೋ ವ್ಯವಸ್ಥೆಯದು. ಅದನ್ನು ನೋಡಿದರೆ ವಿಷಯ ಬೇಗ ತಿಳಿಯುತ್ತದೆ. ಫೋಲ್ಡರ್ ತೋರಿಸಿದರೆ ಸಾಕು, ಒಳಗಿರುವ ಟ್ರೂಟೈಪ್, ಓಪನ್‌ಟೈಪ್ ಫಾಂಟುಗಳನ್ನು ಒಂದೊಂದಾಗಿ ಓದಿ 'ಫಾಂಟ್ಸ್.ಸ್ಕೇಲ್' ಎಂಬ ಫೈಲ್ ಬರೆದಿಡುತ್ತದೆ. ಮೊದಲ ಸಾಲಿನಲ್ಲಿ ಒಟ್ಟು ನಮೂದುಗಳ ಸಂಖ್ಯೆ. ಆಮೇಲೆ ಪ್ರತಿ ಸಾಲಿನಲ್ಲೂ ಫೈಲಿನ ಹೆಸರು, ಪಕ್ಕದಲ್ಲಿ 14 ಭಾಗಗಳ ಉದ್ದನೆ ಹೆಸರು: ತಯಾರಿಸಿದವರು, ಕುಟುಂಬ, ದಪ್ಪ, ವಾಲಿಕೆ, ಕೊನೆಗೆ ಎನ್‌ಕೋಡಿಂಗ್. ಅಳತೆ ಇರಬೇಕಾದ ಜಾಗದಲ್ಲಿ ಬರೀ ಸೊನ್ನೆ. ಯಾಕಂದ್ರೆ ಈ ಅಕ್ಷರಗಳು ಚುಕ್ಕಿಗಳ ಚಿತ್ರವಲ್ಲ, ವಕ್ರರೇಖೆಗಳ ಗಣಿತ. ಯಾವ ಅಳತೆಗೆ ಬೇಕಾದರೂ ಹಿಗ್ಗುತ್ತವೆ.

ಎಫ್‌ಸಿ-ಕ್ಯಾಶ್ ಕೂಡ ಇಂಥದೇ ಹಾಜರಿ ಪುಸ್ತಕ ಬರೆಯುತ್ತದೆ. ಜೊತೆಗೆ ಯಾವ ಫಾಂಟಿನಲ್ಲಿ ಯಾವ ಅಕ್ಷರಗಳಿವೆ, ಅದು ಯಾವ ಭಾಷೆಗಳಿಗೆ ಸಾಕಾಗುತ್ತದೆ ಅನ್ನೋದನ್ನೂ ಗುರುತು ಹಾಕಿಕೊಳ್ಳುತ್ತದೆ.

ನಮಗೆ ತಲೆನೋವು ಶುರುವಾದದ್ದು ಅಲ್ಲೇ. ಹಳೇ ಸಂಚಿಕೆಗಳು ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಟೈಪಾಗಿದ್ದವು. ಆ ಫಾಂಟ್ ಹಾಕಿದೆವು, 'ಎಫ್‌ಸಿ-ಲಿಸ್ಟ್' ಅದನ್ನು ತೋರಿಸಿತು. ಆದರೆ ಕನ್ನಡದ ಫಾಂಟುಗಳನ್ನಷ್ಟೇ ಕೊಡು ಅಂದಾಗ ಅದರ ಸುಳಿವೇ ಇಲ್ಲ! ಕಾರಣ ಸರಳ. ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದು 128 ಸ್ಥಾನಗಳಿವೆ. ಹಳೇ ಫಾಂಟಿನಲ್ಲಿ ಅವೆಲ್ಲ ಖಾಲಿ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರ ಕೂರಿಸಿದ್ದಾರೆ. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್. ಆ ಫಾಂಟ್ ಕಳೆದುಹೋದ ದಿನ ಸೀನಿಯರ್‌ಗಳ ಕವಿತೆಗಳೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಒಂದು ಸಂಚಿಕೆಯದಂತೂ ಅಚ್ಚಾದ ಪ್ರತಿ ಒಂದೂ ಉಳಿದಿಲ್ಲ, ಇರೋದು ಫೈಲ್ ಮಾತ್ರ.

ಹಾಜರಿ ಇದ್ದ ಮಾತ್ರಕ್ಕೆ ಪಾಠ ಬರುತ್ತೆ ಅಂತಲ್ಲ, ಇದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 'ಸ್ತ್ರೀ' ಅಂತ ಬರೆಯೋಕೆ ಯೂನಿಕೋಡ್‌ನಲ್ಲಿ 6 ಸಂಕೇತ ಬೇಕು. ಅವನ್ನು ಒಂದೇ ಗುಚ್ಛವಾಗಿ ಕೂಡಿಸುವ ನಿಯಮಗಳು ಫಾಂಟಿನೊಳಗೆ ಬೇರೆಯೇ ಇರಬೇಕು. ಮೂಲ ಅಕ್ಷರಗಳೆಲ್ಲ ಇದ್ದರೂ ಒತ್ತಕ್ಷರ ಕೆಟ್ಟರೆ ಸೂಚಿಗೆ ಅದು ಗೊತ್ತಾಗಲ್ಲ. ಓದುವವರಿಗೇ ಗೊತ್ತಾಗಬೇಕು.

ಹಾಗಾಗಿ ಪಠ್ಯವನ್ನೇ ಯೂನಿಕೋಡ್‌ಗೆ ಬದಲಿಸ್ತಾ ಇದೀವಿ. ಹೆಚ್ಚು ಕಾಡಿದ್ದು ಅರ್ಕಾವೊತ್ತು. 'ವರ್ಷ' ಪದದಲ್ಲಿ ಹಳೇ ಫೈಲ್ ಕಣ್ಣಿಗೆ ಕಂಡಂತೆ ಷ ಆದಮೇಲೆ ಅರ್ಕಾವೊತ್ತು ಇಡುತ್ತೆ. ಯೂನಿಕೋಡ್ ನಾವು ಉಚ್ಚರಿಸುವಂತೆ ರ ಮೊದಲು, ಷ ಆಮೇಲೆ ಅನ್ನುತ್ತೆ. ಸ್ಕ್ರಿಪ್ಟ್ ಅದಲುಬದಲು ಮಾಡಿಕೊಟ್ಟರೂ ಕೊನೆಗೆ ಇಬ್ಬರು ಕೂತು, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ತಿದ್ದಲೇಬೇಕು.

ಇನ್ನೂ ಎರಡು ಸಂಚಿಕೆ ಬಾಕಿ ಇವೆ. ಸಂಜೆ ಅರ್ಧ ಗಂಟೆ ಬಿಡುವಿದ್ದವರು ಬನ್ನಿ. ಗಟ್ಟಿಯಾಗಿ ಕನ್ನಡ ಓದೋಕೆ ಬಂದರೆ ಸಾಕು, ಕೋಡಿಂಗ್ ಬರಲೇಬೇಕು ಅಂತೇನಿಲ್ಲ.