ಮುಖವೂ ಒಂದು ನ್ಯಾಸ

ಸತ್ಯಾಣುವ್ರತವನ್ನು ಹಿಡಿದ ಶ್ರಾವಕನು ಎಚ್ಚರದಿಂದಿರಬೇಕಾದ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೆಸರಿಸಿದ್ದಾರೆ. ಅವುಗಳಲ್ಲಿ ವ್ಯಾಪಾರಿಗಳಾದ ನಮಗೆ ಬೇಗನೆ ಅರ್ಥವಾಗುವುದು ನ್ಯಾಸಾಪಹಾರ. ಒಬ್ಬನು ನಂಬಿ ಇಟ್ಟುಹೋದ ಒಡವೆಯ ಲೆಕ್ಕವನ್ನು ಮರೆತು ಕಡಿಮೆ ಕೇಳಿದಾಗ, ಅಷ್ಟೇ ಇತ್ತೆಂದು ಒಪ್ಪಿ ಉಳಿದುದನ್ನು ಇಟ್ಟುಕೊಳ್ಳುವುದೇ ನ್ಯಾಸಾಪಹಾರ. ನೋಡಲು ಇದು ಕಳ್ಳತನದಂತಿದ್ದರೂ ಆಚಾರ್ಯರು ಇದನ್ನು ಸತ್ಯವ್ರತದ ದೋಷಗಳಲ್ಲಿ ಸೇರಿಸಿದರು. ಇಲ್ಲಿ ಕೈಗಿಂತ ಮೊದಲು ಮಾತು ಕೆಡುತ್ತದೆ. ನ್ಯಾಸವೆಂದರೆ ಹಣ, ಬಂಗಾರ, ಕಾಳಿನ ಚೀಲ ಎಂಬುದು ನಮ್ಮ ಪೇಟೆಯ ರೂಢಿ. ಮನುಷ್ಯನ ಮುಖವೂ ನ್ಯಾಸವಾಗಬಲ್ಲುದೇ ಎಂಬುದು ಈ ಲೇಖನದ ವಿಚಾರ.

ಭಾವಚಿತ್ರ ತೆಗೆದು ಬದುಕುವವರ ಕೆಲಸ ಇಂದು ಮುಖ್ಯವಾಗಿ ಎರಡು ಬಗೆಯದು. ಪತ್ರಿಕೆಯ ಲೇಖನಕ್ಕಾಗಿ ತೆಗೆಯುವ ಚಿತ್ರ ಒಂದು. ಸರಕು ಅಥವಾ ಸಂಸ್ಥೆಯ ಪ್ರಚಾರಕ್ಕಾಗಿ ತೆಗೆಯುವುದು ಇನ್ನೊಂದು. ಕ್ಯಾಮೆರಾ ಒಂದೇ, ಬೆಳಕು ಒಂದೇ, ಕುಳಿತವನೂ ಒಬ್ಬನೇ ಇರಬಹುದು. ಆದರೆ ಮೊದಲನೆಯ ಚಿತ್ರ 'ಇವನು ಇಂಥವನು' ಎನ್ನುತ್ತದೆ. ಎರಡನೆಯದು 'ಇವನು ಇದನ್ನು ಮೆಚ್ಚಿದ್ದಾನೆ, ನೀವೂ ಕೊಳ್ಳಿರಿ' ಎನ್ನುತ್ತದೆ. ಅಂದರೆ ಎರಡನೆಯದರಲ್ಲಿ ಆ ಮನುಷ್ಯನ ಬಾಯಿಂದ ಒಂದು ಸಾಕ್ಷಿಯನ್ನು ಹೇಳಿಸಿದಂತಾಯಿತು.

ಕೆಲವು ವರ್ಷಗಳ ಹಿಂದೆ ತೊಗರಿಯ ಸುಗ್ಗಿಯನ್ನು ಕುರಿತು ಲೇಖನ ಪ್ರಕಟಿಸಲು ಪತ್ರಿಕೆಯೊಂದು ಹುಮನಾಬಾದಿನ ಗಂಜಿಗೆ ಛಾಯಾಗ್ರಾಹಕನೊಬ್ಬನನ್ನು ಕಳುಹಿಸಿತ್ತು. ಬಸವಕಲ್ಯಾಣದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ವಿನಯಶೀಲ ತರುಣ. ನಮ್ಮ ಅಡತಿ ಅಂಗಡಿಯಲ್ಲಿ ಬಹುಕಾಲದಿಂದ ಚೀಲ ಹೊರುತ್ತಿದ್ದ ಹಿರಿಯ ಹಮಾಲರನ್ನು ಕಂಡು, "ಕಾಕಾ, ಪೇಪರಿನಾಗ ಬರ್ತದ, ಒಂದು ಫೋಟೋ ತೆಗೀಲೇನ್ರೀ?" ಎಂದು ಕೇಳಿದ. ಅವರು ಮುಖ ತೊಳೆದು, ರುಮಾಲು ಬಿಚ್ಚಿ ಹೊಸದಾಗಿ ಸುತ್ತಿಕೊಂಡು, ಹೆಗಲ ಮೇಲೆ ಚೀಲವಿಟ್ಟುಕೊಂಡು ನಿಂತರು. ಚಿತ್ರ ಪತ್ರಿಕೆಯಲ್ಲಿ ಬಂದಿತು, ಗಂಜೆಲ್ಲ ಸಂತೋಷಪಟ್ಟಿತು.

ಮುಂದಿನ ದೀಪಾವಳಿಗೆ ಬೇಳೆಯ ವ್ಯಾಪಾರಿಯೊಬ್ಬರು ಹಂಚಿದ ಕ್ಯಾಲೆಂಡರಿನಲ್ಲಿ ಅದೇ ಮುಖವಿತ್ತು. ತಮ್ಮ ದೇಹಬಲಕ್ಕೆ ಆ ಬೇಳೆಯೇ ಕಾರಣವೆಂದು ಹಮಾಲರು ಹೇಳಿದಂತೆ ಕೆಳಗೆ ಅಚ್ಚಾಗಿತ್ತು. ಅವರು ನನ್ನ ಗದ್ದಿಗೆಯ ಬಳಿ ಬಂದು, "ಸಾವ್ಕಾರ್ರೀ, ಆ ಬ್ಯಾಳಿ ನಮ್ಮ ಮನ್ಯಾಗ ಎಂದೂ ಕುದ್ದಿಲ್ಲ. ಎಷ್ಟು ರೊಕ್ಕ ಕೊಟ್ಟಾರಂತ ಮಂದಿ ಕೇಳ್ತಾರ್ರೀ" ಎಂದರು. ಅವರಿಗಾದ ನೋವು ಎರಡು ತೆರನಾದುದು. ಹೇಳದ ಮಾತು ಅವರ ಹೆಸರಿಗೆ ಬಿದ್ದಿತು. ಪಡೆಯದ ಹಣದ ಸಂಶಯವೂ ಅವರ ಮೇಲೆ ಬಂದಿತು.

ತರುಣನನ್ನು ಕರೆಸಿ ಕೇಳಿದೆವು. ಮುದ್ರಕನೊಬ್ಬನಿಗೆ ಹತ್ತಾರು ಚಿತ್ರಗಳೊಡನೆ ಅದನ್ನೂ ಮಾರಿದ್ದನು. ತಾನು ತೆಗೆದ ಚಿತ್ರ ತನ್ನದೇ ಎಂದು ಅವನ ತಿಳಿವಳಿಕೆ. ಕಾನೂನಿನಲ್ಲಿ ಇದಕ್ಕೆ ಸ್ವಲ್ಪ ಆಧಾರವೂ ಉಂಟು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ಚಿತ್ರ ತೆಗೆಸಿದವನು ಅದರ ಮೊದಲ ಸ್ವಾಮಿ. ಹಾಗೆ ತೆಗೆಸಿದವರು ಯಾರೂ ಇಲ್ಲದಿದ್ದರೆ ಸಾಮಾನ್ಯವಾಗಿ ತೆಗೆದವನೇ ಸ್ವಾಮಿ. ಮುಖ ಯಾರದೋ ಅವನ ಹೆಸರು ಈ ಲೆಕ್ಕದಲ್ಲಿ ಬರುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ ಗಂಜಿನ ಹಮಾಲರು ದೊಡ್ಡ ನ್ಯಾಯಾಲಯದ ಮೆಟ್ಟಿಲನ್ನು ಯಾವಾಗ ಏರಿಯಾರು? ಕಾನೂನು ತಲುಪುವ ಮೊದಲೇ ನಿಂತು ಕಾಯಬೇಕಾದುದು ವ್ರತ.

ತರುಣನು ಬಂದ ಹಣವನ್ನೆಲ್ಲ ಹಮಾಲರ ಮುಂದಿಟ್ಟನು. ಅವರು ಮುಟ್ಟಲಿಲ್ಲ. "ರೊಕ್ಕ ಬ್ಯಾಡ. ಚೀಲ ಇಲ್ಲದಾಂಗ ಒಂದು ಫೋಟೋ ತೆಗಿ, ಮನ್ಯಾಕಿ ಜೋಡಿ" ಎಂದರು. ಅವನು ಅವರ ಮನೆಗೇ ಹೋಗಿ ದಂಪತಿಗಳ ಚಿತ್ರ ತೆಗೆದು, ಕಟ್ಟುಹಾಕಿಸಿ ಕೊಟ್ಟನು. ವ್ಯಾಪಾರಿಯೂ ಮರುವರ್ಷ ಆ ಮುಖವನ್ನು ಬಿಟ್ಟರು.

ಉಳಿದ ಅತಿಚಾರಗಳನ್ನೂ ಈ ವೃತ್ತಿಗೆ ಹಿಡಿದು ನೋಡಬಹುದು. ಸುಳ್ಳು ಬರಹವನ್ನು ಸೃಷ್ಟಿಸುವುದು ಕೂಟಲೇಖಕ್ರಿಯೆ. ನಮ್ಮ ವಧೂವರರ ಪರಿಚಯಪತ್ರಕ್ಕೆ ಲಗತ್ತಿಸುವ ಚಿತ್ರದಲ್ಲಿ ಕಪ್ಪು ಬಣ್ಣವನ್ನು ಬಿಳುಪಾಗಿಸಿ, ಮುಖದ ಕಲೆಯನ್ನು ಅಳಿಸಿ ಕೊಡುವಂತೆ ಸ್ಟುಡಿಯೋದವನನ್ನು ಕೇಳುವವರು ನಾವೇ ಅಲ್ಲವೇ? ಏಕಾಂತದ ವಿಷಯವನ್ನು ಬಯಲಿಗಿಡುವುದು ರಹೋಭ್ಯಾಖ್ಯಾನ. ಮುಖದ ಚಹರೆಯಿಂದ ಇನ್ನೊಬ್ಬನ ಅಂತರಂಗವನ್ನು ಊಹಿಸಿ ಹೊರಗೆಡಹುವುದು ಸಾಕಾರಮಂತ್ರಭೇದ. ಒಳ್ಳೆಯ ಭಾವಚಿತ್ರಕಾರನ ಜಾಣ್ಮೆಯಿರುವುದೇ ಚಹರೆಯಿಂದ ಮನಸ್ಸನ್ನು ಓದುವುದರಲ್ಲಿ. ಆದುದರಿಂದ ಓದಿದುದರಲ್ಲಿ ಎಷ್ಟನ್ನು ತೋರಿಸಬೇಕು, ಎಷ್ಟನ್ನು ತನ್ನಲ್ಲಿಯೇ ಉಳಿಸಿಕೊಳ್ಳಬೇಕು ಎಂಬ ವಿವೇಕ ಅವನಿಗೆ ಇತರರಿಗಿಂತ ಹೆಚ್ಚು ಬೇಕು.

ಚಿತ್ರದ ಸತ್ಯವನ್ನು ಕುರಿತ ವಿಚಾರ ನಮ್ಮ ಕಲ್ಯಾಣಕ್ಕೆ ಹೊಸದಲ್ಲ. ಇಲ್ಲಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಗಳ ವಿಂಗಡಣೆಯಿದೆ. ಕನ್ನಡಿಯ ಪ್ರತಿಬಿಂಬದಂತೆ ಇದ್ದುದನ್ನು ಇದ್ದಂತೆ ತೋರಿಸುವುದು ವಿದ್ಧಚಿತ್ರ. ಶೃಂಗಾರಾದಿ ರಸಗಳನ್ನು ನೋಡುವವನಲ್ಲಿ ಮೂಡಿಸುವುದು ಭಾವಚಿತ್ರ. ಇಂದು ನಾವು ವ್ಯಕ್ತಿಯ ಫೋಟೋವನ್ನು ಭಾವಚಿತ್ರವೆಂದು ಕರೆಯುತ್ತೇವೆ. ಪತ್ರಿಕೆಯ ಚಿತ್ರ ವಿದ್ಧಚಿತ್ರಕ್ಕೆ ಹತ್ತಿರವಾಗಿರಬೇಕು. ಪ್ರಚಾರದ ಚಿತ್ರ ನೋಡುವವನ ಭಾವವನ್ನೇ ಗುರಿಯಾಗಿಸಿಕೊಂಡುದು. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟಾಗ ಗೊಂದಲ ಹುಟ್ಟುತ್ತದೆ.

ನಯದೃಷ್ಟಿಯಿಂದ ನೋಡಿದರೆ ಛಾಯಾಚಿತ್ರ ಋಜುಸೂತ್ರನಯದ ವಸ್ತು. ವರ್ತಮಾನದ ಒಂದು ಪರ್ಯಾಯವನ್ನು ಮಾತ್ರ ಅದು ಹಿಡಿಯುತ್ತದೆ. ಚೀಲ ಹೊತ್ತ ಗಳಿಗೆ ಹಮಾಲರ ಒಂದು ಪರ್ಯಾಯ. ಗಂಡನಾಗಿ, ತಂದೆಯಾಗಿ, ನೆರೆಯವನಾಗಿ ಇರುವ ಪರ್ಯಾಯಗಳು ಬೇರೆ. ಅವರು ಚೀಲವಿಲ್ಲದ ಚಿತ್ರ ಬೇಡಿದಾಗ ಅನೇಕಾಂತವನ್ನು ಓದದೆಯೇ ಅದರ ತಿರುಳನ್ನು ಹೇಳಿದರು. ಒಂದು ಪರ್ಯಾಯವನ್ನೇ ಇಡೀ ಮನುಷ್ಯನೆಂದು ಸಾರುವುದು ನಯಾಭಾಸ.

ನಮ್ಮ ಸೀಮೆಯನ್ನು 1948ರವರೆಗೆ ಆಳಿದ ನಿಜಾಮರ ಆಸ್ಥಾನದಲ್ಲಿ ಈ ವೃತ್ತಿಯನ್ನು ಎತ್ತರಕ್ಕೆ ಒಯ್ದವರು ಒಬ್ಬ ಜೈನರೇ ಎಂಬುದು ನಮ್ಮವರಲ್ಲಿ ಹಲವರಿಗೆ ತಿಳಿಯದು. ಲಾಲಾ ದೀನ್ ದಯಾಳ್ (1844–1905) ಮೀರತ್ ಬಳಿಯ ಸರ್ಧಾನದ ಜೈನ ಮನೆತನದಲ್ಲಿ ಜನಿಸಿದರು. ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದಾಗ 1874ರ ಸುಮಾರಿಗೆ ಕ್ಯಾಮೆರಾ ಹಿಡಿದರು. ಮುಂದೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ, ರಾಜಾ ಬಹದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದನ್ನು ಪಡೆದರು. ಅರಮನೆ, ಬೇಟೆ, ವೈಸರಾಯರ ಭೇಟಿ ಇವೆಲ್ಲವುಗಳ ಚಿತ್ರ ಒಂದು ಅರ್ಥದಲ್ಲಿ ಪ್ರಚಾರವೇ. ಆದರೆ ಅವರ ಒಂದು ಕೆಲಸ ನನಗೆ ಮಾದರಿಯಾಗಿ ಕಾಣುತ್ತದೆ. 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಸ್ತ್ರೀಯರಿಗಾಗಿ ಪ್ರತ್ಯೇಕ ಸ್ಟುಡಿಯೋ ತೆರೆದು, ಅದರ ಹೊಣೆಯನ್ನು ಆಂಗ್ಲ ಮಹಿಳೆಯೊಬ್ಬರಿಗೆ ಒಪ್ಪಿಸಿದರು. ಕುಳಿತವರ ಮರ್ಯಾದೆಗೆ ತಕ್ಕಂತೆ ವೃತ್ತಿಯ ಏರ್ಪಾಡನ್ನೇ ಅವರು ಬದಲಿಸಿದರು.

ಅಂದಿನ ಆಲ್ಬುಮೆನ್ ಕಾಗದಕ್ಕೆ ಮೊಟ್ಟೆಯ ಲೋಳೆ ಬೇಕಾಗಿತ್ತು. ಆಮೇಲಿನ ಫಿಲ್ಮಿಗೆ ದನದ ತೊಗಲು ಮೂಳೆಗಳಿಂದ ತೆಗೆದ ಜೆಲಟಿನ್ ಬೇಕಾಗಿತ್ತು. ಡಿಜಿಟಲ್ ಕ್ಯಾಮೆರಾ ಈ ದ್ರವ್ಯಹಿಂಸೆಯನ್ನು ಬಹುಮಟ್ಟಿಗೆ ತಗ್ಗಿಸಿದೆ. ಆದರೆ ಒಂದು ಮುಖವನ್ನು ಗಳಿಗೆಯಲ್ಲಿ ಸಾವಿರ ಮೊಬೈಲುಗಳಿಗೆ ಕಳುಹಿಸಬಲ್ಲ ಈ ಕಾಲದಲ್ಲಿ ಭಾವಹಿಂಸೆಯ ದಾರಿ ಅಗಲವಾಗಿದೆ.

ಆದುದರಿಂದ ಚಿತ್ರ ತೆಗೆಯುವವರಷ್ಟೇ ತೆಗೆಸುವ ನಾವೂ ಒಂದು ನಿಯಮ ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಅಂಗಡಿಯ ಪ್ರಚಾರಕ್ಕೆ ಯಾರ ಮುಖವನ್ನು ಬಳಸಿದರೂ, ಯಾವ ಉಪಯೋಗಕ್ಕೆ, ಎಷ್ಟು ಕಾಲಕ್ಕೆ, ಎಷ್ಟು ಹಣಕ್ಕೆ ಎಂಬುದನ್ನು ಕನ್ನಡದಲ್ಲಿ ಬರೆದು ಓದಿಹೇಳಿ ಸಹಿ ಮಾಡಿಸುತ್ತೇವೆ. ಒಂದು ಪ್ರತಿ ಅವರ ಕೈಗೇ ಹೋಗುತ್ತದೆ. ಉಪಯೋಗ ಬದಲಾದರೆ ಮತ್ತೆ ಕೇಳುತ್ತೇವೆ. ಇದಕ್ಕೆ ಹಿಡಿಯುವುದು ಹತ್ತು ನಿಮಿಷ. ವಾಣಿಜ್ಯಶಾಸ್ತ್ರದ ಮೊದಲ ಪಾಠ ಓದಿದವನಿಗೂ ಗೊತ್ತಿರುವ ಸಂಗತಿಯೆಂದರೆ, ಇನ್ನೊಬ್ಬರ ಠೇವಣಿಯನ್ನು ಅಢಾವೆ ಪತ್ರಿಕೆಯಲ್ಲಿ ಹೊಣೆಯ ಕಡೆಗೆ ಬರೆಯಬೇಕು. ಅದು ನಮ್ಮ ತಿಜೋರಿಯಲ್ಲಿ ಎಷ್ಟು ದಿನ ಇದ್ದರೂ ನಮ್ಮ ಆಸ್ತಿಯಾಗದು. ನಂಬಿ ಕೊಟ್ಟ ಮುಖವನ್ನೂ ಅದೇ ಕಡೆಗೆ ಬರೆದುಕೊಳ್ಳೋಣ.