ರೋಮಾಂಚನಕ್ಕೆ ಬದಲಿ ಉಂಟೆ?



ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳ ಉಲ್ಲೇಖವಿದೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು ಮತ್ತು ಪ್ರಳಯ. ನಾವು ದಿನನಿತ್ಯ ಬಳಸುವ 'ರೋಮಾಂಚನ' ಎಂಬ ಮಾತಿನ ಮೂಲ ಇಲ್ಲಿದೆ. ಮೈಮೇಲಿನ ರೋಮಗಳು ನಿಮಿರಿ ನಿಲ್ಲುವುದೇ ರೋಮಾಂಚನ. ಮನಸ್ಸು ನಿಜವಾಗಿ ಅಲುಗಾಡಿದಾಗ ಮಾತ್ರ ಶರೀರದಲ್ಲಿ ಈ ವಿಕಾರಗಳು ಕಾಣಿಸಿಕೊಳ್ಳುತ್ತವೆಂದು ಹಿರಿಯರು ಭಾವಿಸಿದ್ದರು. ನಾನು ಬೋಧಿಸಿದ್ದು ಭೌತಶಾಸ್ತ್ರವಾದರೂ ಕಾವ್ಯದ ಹುಚ್ಚು ಬಿಟ್ಟಿರಲಿಲ್ಲವಾದ್ದರಿಂದ ಈ ಪೀಠಿಕೆ. ಇಂದಿನ ವಿಷಯ ಮಾತ್ರ ಬಹಳ ಹೊಸದು.

ಮಾಲೂರಿನ ಬಳಿ ಇಟ್ಟಿಗೆ ಗೂಡು ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದ. ಅವನ ಮಗ ಪಿಯುಸಿ ಓದುತ್ತಿದ್ದಾನೆ. ಹದಿನೆಂಟು ತುಂಬಲು ಇನ್ನೂ ಕೆಲವು ತಿಂಗಳುಗಳಿವೆ. ದೊಡ್ಡ ಬೈಕು ಬೇಕೆಂದು ಊಟ ಬಿಟ್ಟು ಕುಳಿತಿದ್ದಾನೆ. "ಸಾರ್, ಈಗ ಕಣ್ಣಿಗೆ ಕಟ್ಟಿಕೊಂಡು ಆಡೋ ಮೆಷಿನ್ ಬಂದಿದೆಯಂತೆ. ಮನೇಲಿ ಕೂತ್ಕೊಂಡೇ ಬೈಕು ಓಡಿಸಿದ ಹಾಗೆ ಆಗುತ್ತಂತೆ. ಬೈಕಿನ ಬದಲು ಅದನ್ನೇ ಕೊಡಿಸಿಬಿಟ್ಟರೆ ಅವನ ಆಸೆ ತೀರುತ್ತಾ?" ಎಂಬುದು ಅವನ ಪ್ರಶ್ನೆ. ನಾಲ್ಕು ದಿನ ಸಮಯ ಕೊಡಪ್ಪ ಎಂದೆ. ಆ ನಾಲ್ಕು ದಿನ ಯೋಚಿಸಿದ್ದನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ. ಏಕೆಂದರೆ ನಿಮ್ಮಲ್ಲಿ ಹಲವರು ಈಗ ಇದೇ ವಯಸ್ಸಿನ ಮಕ್ಕಳ ತಂದೆ ತಾಯಿಯರು.

ಈ ಯಂತ್ರವನ್ನು ವರ್ಚುಯಲ್ ರಿಯಾಲಿಟಿ ಸಿಮ್ಯುಲೇಟರ್ ಎನ್ನುತ್ತಾರೆ. ಹೆಸರು ಹೊಸದಾದರೂ ಹಂಬಲ ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1929ರಲ್ಲಿ ವಿಮಾನ ಚಾಲನೆ ಕಲಿಸುವ ಪೆಟ್ಟಿಗೆಯೊಂದನ್ನು ಸಿದ್ಧಪಡಿಸಿದ. ಅವನ ತಂದೆಯದು ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆ. ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನೇ ಬಳಸಿ ಅವನು ಆ ಪೆಟ್ಟಿಗೆಯನ್ನು ಓಲಾಡಿಸಿದ. ಮೊದಲು ಅದನ್ನು ಹೆಚ್ಚಿನವರು ಮೇಳದ ಆಟಿಕೆ ಎಂದೇ ಬಗೆದರು. 1934ರಲ್ಲಿ ಅಮೆರಿಕದ ಸೇನೆಯ ಪೈಲಟ್ಟುಗಳು ಅಂಚೆ ಸಾಗಿಸಲು ಹೋಗಿ ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರಂತೆ ಪ್ರಾಣ ಕಳೆದುಕೊಂಡ ಮೇಲೆ ಸೇನೆಯೇ ಬಂದು ಆ ಪೆಟ್ಟಿಗೆಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಕ್ಷಾಂತರ ವೈಮಾನಿಕರು ಅದರಲ್ಲಿ ಕುಳಿತು ಕಲಿತರು. ಸಿಮ್ಯುಲೇಟರ್ ಬೆಳೆದದ್ದು ರೋಮಾಂಚನ ಕೊಡುವುದಕ್ಕಾಗಿ ಅಲ್ಲ, ಜೀವ ಉಳಿಸುವುದಕ್ಕಾಗಿ. ಇದನ್ನು ನೆನಪಿನಲ್ಲಿಡಿ.

ರೋಮಾಂಚನಕ್ಕಾಗಿಯೇ ಯಂತ್ರ ಮಾಡಿದವನು ಮಾರ್ಟನ್ ಹೈಲಿಗ್. ಅವನು 1962ರಲ್ಲಿ ಪೇಟೆಂಟ್ ಪಡೆದ 'ಸೆನ್ಸೊರಾಮ' ಎಂಬ ಪೆಟ್ಟಿಗೆಯೊಳಗೆ ತಲೆಯಿಟ್ಟು ಕುಳಿತರೆ ನ್ಯೂಯಾರ್ಕಿನ ಬೀದಿಗಳಲ್ಲಿ ಮೋಟಾರ್ ಸೈಕಲ್ ಸವಾರಿಯ ಚಿತ್ರ ಕಾಣುತ್ತಿತ್ತು. ಕುರ್ಚಿ ಅದುರುತ್ತಿತ್ತು, ಮುಖಕ್ಕೆ ಗಾಳಿ ಬೀಸುತ್ತಿತ್ತು, ಬೀದಿಯ ವಾಸನೆಯೂ ಬರುತ್ತಿತ್ತು! ಆದರೆ ಬಂಡವಾಳ ಹೂಡುವವರು ಸಿಗದೆ ಅವನ ಕನಸು ಅಲ್ಲಿಗೇ ನಿಂತಿತು. ನಮ್ಮ ಮಾಲೂರಿನ ಹುಡುಗ ಇಂದು ಬಯಸುತ್ತಿರುವುದನ್ನೇ ಹೈಲಿಗ್ ಅಂದು ಮಾರಹೊರಟಿದ್ದ.

ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗ ಒಂದು ರಜೆಯಲ್ಲಿ ಇಂಥ ಯಂತ್ರವನ್ನು ನನ್ನ ಕಣ್ಣಿಗೂ ಕಟ್ಟಿದ. ಕ್ಷಣಾರ್ಧದಲ್ಲಿ ನಾನು ಯಾವುದೋ ಪರ್ವತದ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದೆ. ಬಲಕ್ಕೆ ತಿರುವು ಬಂದರೆ ನನ್ನ ದೇಹ ತಾನಾಗಿಯೇ ಬಲಕ್ಕೆ ವಾಲುತ್ತಿತ್ತು. ಪ್ರಪಾತ ಕಂಡಾಗ ಕೈ ಬಿಗಿಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಐದು ನಿಮಿಷ ಕಳೆಯುವಷ್ಟರಲ್ಲಿ ತಲೆ ಸುತ್ತಿ, ಹೊಟ್ಟೆ ತೊಳಸಿತು. ಮೊಮ್ಮಗ ನಕ್ಕ. "ತಾತ, ಎಲ್ಲರಿಗೂ ಮೊದಮೊದಲು ಹಾಗೇ ಆಗುತ್ತೆ" ಎಂದ.

ಏಕೆ ಹಾಗಾಗುತ್ತದೆ? ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಇದು ಹೊಳೆಯಬೇಕು. ನಮ್ಮ ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ಜೊತೆಗೆ ಸೂಕ್ಷ್ಮ ಸುಣ್ಣದ ಹರಳುಗಳನ್ನು ಹೊತ್ತ ಅಂಗಗಳಿವೆ. ನಾವು ತಿರುಗಿದ್ದನ್ನು, ವೇಗ ಹೆಚ್ಚಿದ್ದನ್ನು ಮೆದುಳಿಗೆ ವರದಿ ಮಾಡುವುದು ಅವುಗಳ ಕೆಲಸ. ಕಣ್ಣು 'ಓಡುತ್ತಿದ್ದೇವೆ' ಎನ್ನುತ್ತದೆ. ಕಿವಿ 'ಕುರ್ಚಿಯಲ್ಲಿ ಕುಳಿತಿದ್ದೇವೆ' ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳವೇ ಆ ವಾಕರಿಕೆ.

ಈ ಜಗಳವನ್ನು ಬಗೆಹರಿಸಲು ದೊಡ್ಡ ಸಿಮ್ಯುಲೇಟರುಗಳಲ್ಲಿ ಒಂದು ಜಾಣ ಉಪಾಯವಿದೆ. ವೇಗೋತ್ಕರ್ಷಕ್ಕೂ ಗುರುತ್ವಕ್ಕೂ ದೇಹಕ್ಕೆ ವ್ಯತ್ಯಾಸ ತಿಳಿಯದೆಂಬ ತತ್ತ್ವವನ್ನು ಐನ್‌ಸ್ಟೈನ್ 1907ರಲ್ಲಿಯೇ ಕಂಡುಕೊಂಡಿದ್ದರು. ಆದ್ದರಿಂದ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ವಾಲಿಸಿದರೆ, ಬೆನ್ನು ಕುರ್ಚಿಗೆ ಒತ್ತಿಕೊಂಡು, ವಾಹನ ಮುಂದಕ್ಕೆ ನುಗ್ಗಿದಂತೆ ಭಾಸವಾಗುತ್ತದೆ. ಆದರೆ 30 ಡಿಗ್ರಿ ವಾಲಿಸಿದರೆ ಸಿಗುವುದು ಗುರುತ್ವದ ಅರ್ಧದಷ್ಟು ಒತ್ತಡ ಮಾತ್ರ. ಎಷ್ಟೇ ವಾಲಿಸಿದರೂ ಒಂದು ಗುರುತ್ವವನ್ನು ಮೀರುವಂತಿಲ್ಲ. ಫಾರ್ಮುಲಾ ಒನ್ ಕಾರಿನ ಚಾಲಕ ಬ್ರೇಕ್ ಒತ್ತಿದಾಗ ಅದರ ನಾಲ್ಕೈದು ಪಟ್ಟು ಅನುಭವಿಸುತ್ತಾನೆ. ದೇಹಕ್ಕೆ ಸಂಬಂಧಿಸಿದ ಮಟ್ಟಿಗೆ ಯಂತ್ರಕ್ಕೆ ಇದೊಂದು ಗಡಿ.

ಹಾಗೆಂದು ಯಂತ್ರವನ್ನು ಹಗುರವಾಗಿ ಕಾಣಬೇಡಿ. ಬ್ರಿಟನ್ನಿನ ಯಾನ್ ಮಾರ್ಡೆನ್‌ಬರೋ ಎಂಬ ಯುವಕ ಮನೆಯಲ್ಲಿ ಕಾರ್ ಓಟದ ವಿಡಿಯೋ ಆಟವಾಡುತ್ತ ಬೆಳೆದವನು. 2011ರಲ್ಲಿ ಆಟಗಾರರಿಗಾಗಿಯೇ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಗೆದ್ದು ನಿಜವಾದ ಕಾರಿನಲ್ಲಿ ಕುಳಿತ. 2013ರಲ್ಲಿ ಲ ಮಾನ್ಸ್‌ನ 24 ಗಂಟೆಗಳ ಓಟದಲ್ಲಿ ತನ್ನ ವಿಭಾಗದಲ್ಲಿ ಮೂರನೆಯ ಸ್ಥಾನ ಗಳಿಸಿದ ತಂಡದಲ್ಲಿದ್ದ. ತಿರುವಿನ ಲೆಕ್ಕ, ಬ್ರೇಕಿನ ಸಮಯ, ಎದುರಾಳಿಯ ಚಲನೆ ಇವನ್ನೆಲ್ಲ ಯಂತ್ರ ಅವನಿಗೆ ಕಲಿಸಿತ್ತು. ಆದರೆ 2015ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಓಟದಲ್ಲಿ ಅವನ ಕಾರು ಗಾಳಿಗೆ ಎದ್ದು ಬೇಲಿ ದಾಟಿ ಹಾರಿತು. ನೋಡಲು ಬಂದಿದ್ದವರಲ್ಲಿ ಒಬ್ಬರು ಮೃತಪಟ್ಟರು. ಆಟದಲ್ಲಿ ಕಾರು ಹಾರಿದರೆ ಒಂದು ಗುಂಡಿ ಒತ್ತಿ ಮತ್ತೆ ಆರಂಭಿಸಬಹುದು. ಅಲ್ಲಿ ಆ ಗುಂಡಿ ಇರಲಿಲ್ಲ.

ನಮ್ಮ ಕಡೆಯ ಉದಾಹರಣೆಯೂ ಇದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು ಬೈಕಿನಲ್ಲಿ ಪೂರ್ಣಗೊಳಿಸಿದ ಮೊದಲ ಭಾರತೀಯ. ಮಣ್ಣಿನ ಹಾದಿಯಲ್ಲಿ ಬೈಕು ಓಡಿಸುವುದನ್ನು ಕಲಿಸಲು ಅವರು ತರಬೇತಿ ಮೈದಾನ ಸ್ಥಾಪಿಸಿದ್ದು ನಮ್ಮ ಕೋಲಾರದ ನೆಲದಲ್ಲೇ. ಅಂತರಗಂಗೆಯ ಬಂಡೆಗಳನ್ನು ನೋಡಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಅಂಥ ಪರಿಣತರೇ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಔಷಧದಿಂದ ಪ್ರಜ್ಞೆ ತಪ್ಪಿಸಿಟ್ಟು ಚಿಕಿತ್ಸೆ ಕೊಡಬೇಕಾಯಿತು. ಅವರು ಚೇತರಿಸಿಕೊಂಡು ಮನೆಗೆ ಮರಳಿದ್ದು ನಮ್ಮೆಲ್ಲರ ಭಾಗ್ಯ.

ಈಗ ನಮ್ಮ ರಸ್ತೆಗಳ ಮಾತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಪ್ರೌಢಶಾಲೆಗೆ ಲೂನಾ ಏರಿ ಹೋಗುತ್ತಿದ್ದೆ. ಮಾವಿನ ತೋಪುಗಳು ಹೂ ಬಿಟ್ಟ ಕಾಲದಲ್ಲಿ ಆ ಗಂಧ ಎದೆ ತುಂಬುತ್ತಿತ್ತು. ಕೆರೆಯ ಏರಿಯ ಮೇಲೆ ಎದುರು ಗಾಳಿ ಬೀಸಿದರೆ ಲೂನಾ ಎತ್ತಿನ ಗಾಡಿಗಿಂತ ನಿಧಾನವಾಗುತ್ತಿತ್ತು. ನಾಯಿ ಅಟ್ಟಿಸಿಕೊಂಡು ಬಂದಾಗ ಪೆಡಲು ತುಳಿದು ಪಾರಾದದ್ದೂ ಉಂಟು. ಸ್ನೇಹಿತರೊಬ್ಬರ ಬಳಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಇತ್ತು. ಅದರ ಹಿಂದೆ ಕುಳಿತು ಮುಳಬಾಗಿಲಿನಿಂದ ನಂಗಲಿಯ ಕಡೆಗೆ ಹೋದ ಸಂಜೆಗಳು ಈಗಲೂ ನೆನಪಿವೆ. ಆ ಸಂತೋಷ ಬರಿಯ ವೇಗದ್ದಲ್ಲ. ಗಾಳಿ, ವಾಸನೆ, ದಾರಿಯಲ್ಲಿ ಕೈಯೆತ್ತಿ ನಮಸ್ಕರಿಸುವ ಪರಿಚಿತರು, ಇವೆಲ್ಲ ಸೇರಿದ ಸಂತೋಷ ಅದು. ಇದನ್ನು ಯಾವ ಯಂತ್ರದಲ್ಲಿ ತುಂಬಿಕೊಡುತ್ತಾರೆ?

ಕಾಲ ಬದಲಾಯಿತು. 2013ರಲ್ಲಿ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಆರಂಭವಾಗಿ, ದ್ವಿಚಕ್ರ ವಾಹನಗಳು ನಮ್ಮ ಜಿಲ್ಲೆಯಲ್ಲೇ ತಯಾರಾಗತೊಡಗಿದವು. 2024ರ ಕೊನೆಯಲ್ಲಿ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕದ ಭಾಗ ಮಾಲೂರು, ಬಂಗಾರಪೇಟೆಗಳ ಬಯಲನ್ನು ಸೀಳಿಕೊಂಡು ವಾಹನಗಳಿಗೆ ತೆರೆದುಕೊಂಡಿತು. ಗಂಟೆಗೆ 120 ಕಿಲೋಮೀಟರ್ ವೇಗಕ್ಕೆಂದು ರೂಪಿಸಿದ ರಸ್ತೆ ಅದು. ತೆರೆದ ಮೊದಲ ತಿಂಗಳುಗಳಲ್ಲಿಯೇ ಅಪಘಾತದ ಸುದ್ದಿಗಳೂ ಬರತೊಡಗಿದವು.

ಒಂದು ಸಣ್ಣ ಲೆಕ್ಕ ಮಾಡೋಣ. 40 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾಗುವುದು ಸುಮಾರು 6 ಮೀಟರ್ ಎತ್ತರದಿಂದ ಬಿದ್ದಂತೆ. 120ರಲ್ಲಿ ಡಿಕ್ಕಿಯಾಗುವುದು 18 ಮೀಟರಿನಿಂದ ಬಿದ್ದಂತಲ್ಲ, ಸುಮಾರು 56 ಮೀಟರ್ ಎತ್ತರದಿಂದ ಬಿದ್ದಂತೆ. ವೇಗ ಮೂರು ಪಟ್ಟಾದರೆ ಚಲನಶಕ್ತಿ ಒಂಬತ್ತು ಪಟ್ಟಾಗುತ್ತದೆಂದು ನಿಮ್ಮಿಂದ ಎಷ್ಟು ಸಲ ಬರೆಸಿದ್ದೆ! 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇಕಡ 70ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ.

ಅಂಕಿಗಳು ಮನಸ್ಸಿಗೆ ತಟ್ಟುವುದು ಕಡಿಮೆ. ನನಗೆ ತಟ್ಟಿದ್ದು ಒಂದು ಹಾಜರಿ ಪುಸ್ತಕ. ಹತ್ತನೆಯ ತರಗತಿಯ ಹುಡುಗನೊಬ್ಬ ಭಾನುವಾರ ಅಣ್ಣನ ಬೈಕು ತೆಗೆದುಕೊಂಡು ಹೆದ್ದಾರಿಗೆ ಹೋದವನು ಮರಳಲಿಲ್ಲ. ಸೋಮವಾರ ಹಾಜರಿ ಕೂಗುವಾಗ ಅವನ ಹೆಸರು ಬಂದಿತು. ತರಗತಿ ಸ್ತಬ್ಧವಾಯಿತು. ಆ ಸಾಲಿನಲ್ಲಿ ಏನು ಬರೆಯಬೇಕೆಂದು ತೋಚದೆ ಲೇಖನಿ ಹಿಡಿದು ಕುಳಿತೆ. ಅವನ ತಾಯಿ ತಿಂಗಳ ನಂತರ ಶಾಲೆಗೆ ಬಂದು ಅವನ ನೋಟ್‌ಬುಕ್ಕುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಅವನು ಕೆಟ್ಟ ಹುಡುಗನಾಗಿರಲಿಲ್ಲ. ಆ ವಯಸ್ಸಿನ ಎಲ್ಲರಂತೆ ರೋಮಾಂಚನ ಬಯಸಿದ್ದ, ಅಷ್ಟೇ.

ಕೋಲಾರದ ಮಾರುಕಟ್ಟೆಯಿಂದ ಟೊಮೆಟೊ ತುಂಬಿಕೊಂಡು ದೂರದ ಊರುಗಳಿಗೆ ಲಾರಿ ಓಡಿಸುವ ಮತ್ತೊಬ್ಬ ವಿದ್ಯಾರ್ಥಿಯನ್ನು ಇದೇ ವಿಷಯವಾಗಿ ಕೇಳಿದೆ. ಅವನು ನಕ್ಕು, "ಥ್ರಿಲ್ಲು ಅನ್ನೋದು ದಿನಾ ಓಡಿಸದೇ ಇರೋರಿಗೆ ಸಾರ್. ನಮಗೆ ಗಾಡಿಗೆ, ಎದುರಿಗೆ ಬರೋರಿಗೆ ಏನೂ ಆಗದೆ ಮನೆ ಸೇರೋದೇ ಥ್ರಿಲ್ಲು" ಎಂದ. ಒಳ್ಳೆಯ ಚಾಲಕನ ಲಕ್ಷಣವನ್ನು ಇಷ್ಟು ಚಿಕ್ಕದಾಗಿ ಹೇಳಲು ನನಗೆ ಬರುತ್ತಿರಲಿಲ್ಲ.

ಇಷ್ಟೆಲ್ಲ ಯೋಚಿಸಿದ ಮೇಲೆ ನನಗೆ ಕಂಡದ್ದಿಷ್ಟು. ಚಾಲನೆಯ ರೋಮಾಂಚನದಲ್ಲಿ ಮೂರು ಅಂಶಗಳಿವೆ. ಮೊದಲನೆಯದು ದೇಹದ ಅನುಭವ. ಇದನ್ನು ಯಂತ್ರ ಸ್ವಲ್ಪಮಟ್ಟಿಗೆ ಕೊಡುತ್ತದೆ. ಎರಡನೆಯದು ಕೌಶಲದ ಸಂತೋಷ, ಅಂದರೆ ಕಷ್ಟವಾದದ್ದನ್ನು ಕೈವಶ ಮಾಡಿಕೊಂಡ ತೃಪ್ತಿ. ಇದನ್ನು ಬಹುಮಟ್ಟಿಗೆ ಕೊಡುತ್ತದೆ. ಮೂರನೆಯದು ಅಪಾಯ. ಇದನ್ನು ಯಂತ್ರ ಕೊಡುವುದೇ ಇಲ್ಲ, ಕೊಡದಿರುವುದೇ ಅದರ ದೊಡ್ಡ ಗುಣ. ಆದರೆ ಅಪಾಯವಿಲ್ಲದ ಅಭ್ಯಾಸದಿಂದ ಅಪಾಯದ ಅರಿವೂ ಹುಟ್ಟುವುದಿಲ್ಲ. ನೂರು ಸಲ ಬಿದ್ದರೂ ನೋವಾಗದವನು ನೂರ ಒಂದನೆಯ ಸಲ ನಿಜವಾದ ರಸ್ತೆಯಲ್ಲಿ ಹೆದರಬೇಕಾದ ಕಡೆ ಹೆದರದೆ ಹೋಗಬಹುದು. ಆದ್ದರಿಂದ ಯಂತ್ರ ಬೈಕಿಗೆ ಬದಲಿಯಲ್ಲ, ಬೈಕಿನ ಮುಂಚಿನ ಒಂದು ಮೆಟ್ಟಿಲು. ಕೇಂದ್ರ ಸರ್ಕಾರ 2021ರಲ್ಲಿ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಿಗೆ ನಿಯಮ ರೂಪಿಸಿದಾಗ ಸಿಮ್ಯುಲೇಟರನ್ನೂ ಪರೀಕ್ಷಾ ಪಥವನ್ನೂ ಎರಡನ್ನೂ ಕಡ್ಡಾಯ ಮಾಡಿದ್ದು ಈ ಕಾರಣದಿಂದಲೇ ಇರಬೇಕು.

ಮಾಲೂರಿನ ಶಿಷ್ಯನಿಗೆ ಹೀಗೆ ಹೇಳಿದೆ: "ನೋಡಪ್ಪ, ಆ ಮೆಷಿನ್ನಿನಿಂದ ಹುಡುಗನ ಆಸೆ ತೀರುವುದಿಲ್ಲ, ಹೆಚ್ಚಾಗಬಹುದು. ಬೇಕಾದರೆ ಆಡಲಿ. ಹದಿನೆಂಟು ತುಂಬುವವರೆಗೆ ಬೈಕಿನ ಕೀಲಿ ಅವನ ಕೈಗೆ ಬೇಡ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಮಗ ಬೈಕು ಓಡಿಸಿ ಅಪರಾಧವೆಸಗಿದರೆ ತಂದೆಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ವಯಸ್ಸಾದ ಮೇಲೆ ಲೈಸೆನ್ಸ್ ಮಾಡಿಸು. ವೇಗದ ಹುಚ್ಚು ಇನ್ನೂ ಇದ್ದರೆ ಕಲಿಸುವವರಿರುವ ಮೈದಾನಕ್ಕೆ ಕಳಿಸು. ಅಲ್ಲಿ ಒಂದೆರಡು ಸಲ ಮಣ್ಣಿನ ಮೇಲೆ ಬೀಳಲಿ. ಮೊದಲ ದಿನ ನೀನೇ ಅವನ ಹಿಂದೆ ಕುಳಿತು ಕೋಲಾರಕ್ಕೆ ಹೋಗಿ ಬಾ. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇರಲಿ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಸಾರ್, ಮೊದಲು ನಾನು ಹೆಲ್ಮೆಟ್ ತಗೋತೀನಿ" ಎಂದ.

ನಿಮ್ಮ ಮನೆಗಳಲ್ಲಿಯೂ ಈ ಚರ್ಚೆ ನಡೆದಿರಬಹುದು. ಮಕ್ಕಳಿಗೆ 'ಬೇಡ' ಎಂದಷ್ಟೇ ಹೇಳಿ ಬಾಯಿ ಮುಚ್ಚಿಸಬೇಡಿ. ಆ ಬಯಕೆ ತಪ್ಪಲ್ಲ, ಅದು ಯೌವನದ ಲಕ್ಷಣ. ಅದಕ್ಕೊಂದು ಮೈದಾನ, ಒಬ್ಬ ಗುರು ಹಾಗೂ ಒಂದಿಷ್ಟು ಕಾಲ ಒದಗಿಸಿಕೊಡಿ. ಹೆದ್ದಾರಿಗಳಲ್ಲಿ ಸಂಚರಿಸುವವರೆಲ್ಲ ಜೋಪಾನವಾಗಿರಿ, ಊರಿಗೆ ಬಂದಾಗ ನಮ್ಮ ಮನೆಗೂ ಬಂದು ಹೋಗಿ.

ಶುಭವಾಗಲಿ.