ಅಕ್ಕ, ತಮ್ಮ, ಒಂದು ಕ್ಯಾಸೆಟ್ಟು

ಮೊನ್ನೆ ನೆಂಟರ ಮನೆಯ ಆರತಕ್ಷತೆಯಲ್ಲಿ ಆರ್ಕೆಸ್ಟ್ರಾದವರು ‘ಡಿಸ್ಕೋ ದೀವಾನೆ’ ಎತ್ತಿಕೊಂಡರು. ಕೋಸಂಬರಿ ಬಡಿಸುತ್ತಿದ್ದ ಹುಡುಗನ ತಲೆ ತೂಗಿತು. ಅರವತ್ತು ದಾಟಿದ ನಮ್ಮ ಅತ್ತಿಗೆಯ ಕಾಲು ತಾಳ ಹಾಕಿತು. ‘ಸ್ಟೂಡೆಂಟ್ ಆಫ್ ದಿ ಇಯರ್ ಪಿಕ್ಚರ್‌ದು ಸಾರ್’ ಅಂದ ಹುಡುಗ. ಆ ಪಿಕ್ಚರ್ 2012ರದು, ಹಾಡು 1981ರದು. ‘ನಾಜಿಯಾದು ಕಣೋ’ ಅಂದರು ಅತ್ತಿಗೆ. ಜೊಹೇಬ್‌ನ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಪಾಪ, ತಮ್ಮಂದಿರ ಪಾಡೇ ಇಷ್ಟು.

ನಾಜಿಯಾ ಹಸನ್, ಜೊಹೇಬ್ ಹಸನ್ ಕರಾಚಿ, ಲಂಡನ್ನುಗಳಲ್ಲಿ ಬೆಳೆದ ಅಕ್ಕ-ತಮ್ಮ. 1980ರ ‘ಕುರ್ಬಾನಿ’ಗೆ ನಾಜಿಯಾ ‘ಆಪ್ ಜೈಸಾ ಕೋಯಿ’ ಹಾಡಿದಾಗ ವಯಸ್ಸು 15. ಅದಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಹಾಡಿಸಿದ ಫಿರೋಜ್ ಖಾನ್ ಬೆಂಗಳೂರಲ್ಲಿ ಹುಟ್ಟಿದವರು. ರಾಗ ಹಾಕಿದ ಬಿದ್ದು ಅಪ್ಪಯ್ಯನವರೂ ಅಷ್ಟೇ. ಲಂಡನ್ನಿಗೆ ಹೋಗಿ ‘ಕುಂಗ್ ಫು ಫೈಟಿಂಗ್’ ಹಾಡಿನಿಂದ ಜಗತ್ತನ್ನೇ ಕುಣಿಸಿದ ಕೊಡವರು. ಇದನ್ನು ಹೇಳುವಾಗೆಲ್ಲ ನನಗೆ ಎದೆ ಉಬ್ಬುತ್ತದೆ.

ಮರುವರ್ಷ ಬಿದ್ದು ತಮ್ಮನನ್ನೂ ಕರೆತಂದು ‘ಡಿಸ್ಕೋ ದೀವಾನೆ’ ಕ್ಯಾಸೆಟ್ಟು ಮಾಡಿದರು. ಅದರ ಹಿಂದೆ ಸಿನಿಮಾ ಇಲ್ಲ, ಹೀರೋ ಇಲ್ಲ, ಮರ ಸುತ್ತುವ ಜೋಡಿ ಇಲ್ಲ. ಗಂಡು ದನಿ, ಹೆಣ್ಣು ದನಿ ಸೇರಿದರೆ ಪ್ರೇಮಿಗಳೇ ಎಂದು ಪಳಗಿದ್ದ ಕಿವಿಗೆ ಇದು ಹೊಸದು. ನಾಜಿಯಾಳದು ಗಮಕದ ಗೊಡವೆಯಿಲ್ಲದ, ತುಸು ಮೂಗಿನಂಚು ಸವರುವ ದನಿ. ಸ್ಕೂಲಿಂದ ಬಂದು ಬ್ಯಾಗು ಮೂಲೆಗೆಸೆದು ಗುನುಗಿದ ಹಾಗೆ. ಜೊಹೇಬ್ ಆ ದನಿಯನ್ನು ಮೀರಲು ಹೋಗುವುದಿಲ್ಲ. ಒಂದೇ ಮನೆಯಲ್ಲಿ ಬೆಳೆದವರಿಗೆ ಇನ್ನೊಬ್ಬರು ಎಲ್ಲಿ ಉಸಿರೆಳೆದುಕೊಳ್ಳುತ್ತಾರೆಂದು ಗೊತ್ತಿರುತ್ತದಲ್ಲ, ಅದು ಆ ಹಾಡುಗಳಲ್ಲಿ ಕೇಳಿಸುತ್ತದೆ. ಸಿಂಥಸೈಜರಿನ ಸದ್ದು ಹಳತಾಯಿತು, ಡಿಸ್ಕೋ ಕಾಲವೂ ಮುಗಿಯಿತು; ಈ ಸಲುಗೆಗೆ ಮಾತ್ರ ಮುಪ್ಪು ಬಂದಿಲ್ಲ ಅನ್ನಿಸುತ್ತದೆ ನನಗೆ.

ಆಮೇಲೂ ಕ್ಯಾಸೆಟ್ಟುಗಳು ಬಂದವು. 1984ರ ‘ಯಂಗ್ ತರಂಗ್’, 1992ರ ‘ಕ್ಯಾಮೆರಾ ಕ್ಯಾಮೆರಾ’. 2000ದ ಆಗಸ್ಟ್ 13ರಂದು ನಾಜಿಯಾ ಕ್ಯಾನ್ಸರ್‌ನಿಂದ ಲಂಡನ್ನಿನಲ್ಲಿ ತೀರಿಕೊಂಡಳು. ಬರೀ 35.

ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಾ ಅತ್ತಿಗೆ ಅಂದರು: ‘ಡಿಸ್ಕೋ ದೀವಾನೆ’ ಕ್ಯಾಸೆಟ್ಟು ಇನ್ನೂ ಅವರ ಬೀರುವಿನಲ್ಲಿದೆಯಂತೆ. ತವರಲ್ಲಿದ್ದಾಗ ತಮ್ಮ ತಂದುಕೊಟ್ಟದ್ದು. ಟೇಪು ಸಿಕ್ಕಿಕೊಂಡಾಗೆಲ್ಲ ಪೆನ್ಸಿಲ್ ತೂರಿಸಿ, ಒಂದು ಸುಕ್ಕೂ ಬೀಳದಂತೆ ಸುತ್ತಿಕೊಡುತ್ತಿದ್ದವನೂ ಅವನೇ.